ಔಷಧಿ ಅಂಗಡಿಯಲ್ಲಿ ಹೃದಯದ ಲೆಕ್ಕ: ಅಳೆದ ಮೇಲೆ ಮುಂದೇನು?

ಬಿಪಿ ಜಾಸ್ತಿಯಾದರೆ ತಲೆ ನೋಯುತ್ತದೆ, ಕಣ್ಣು ಕತ್ತಲೆ ಬರುತ್ತದೆ, ತಾನಾಗಿಯೇ ಗೊತ್ತಾಗಿಬಿಡುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಬಹುಪಾಲು ಜನರಿಗೆ ಏನೂ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ, ಜಗತ್ತಿನಲ್ಲಿ 30ರಿಂದ 79 ವರ್ಷದ ಸುಮಾರು 128 ಕೋಟಿ ಜನರಿಗೆ ಬಿಪಿ ಇದೆ. ಅವರಲ್ಲಿ ಶೇ 46ರಷ್ಟು ಮಂದಿಗೆ ಅದು ಇದೆ ಅನ್ನುವುದೇ ತಿಳಿದಿಲ್ಲ. ಹತೋಟಿಯಲ್ಲಿ ಇಟ್ಟುಕೊಂಡವರು ಐವರಲ್ಲಿ ಒಬ್ಬರು ಮಾತ್ರ.

ತಿಳಿಯದೇ ಇರುವವರು ಡಾಕ್ಟರ ಹತ್ತಿರ ಹೋಗುವುದಿಲ್ಲ. ಯಾಕೆ ಹೋಗಬೇಕು, ಮೈ ಚೆನ್ನಾಗಿಯೇ ಇದೆಯಲ್ಲ. ಆದರೆ ಅದೇ ಜನ ಔಷಧಿ ಅಂಗಡಿಗೆ ಹೋಗುತ್ತಾರೆ. ನೆಗಡಿಯ ಮಾತ್ರೆಗೆ, ಮಗುವಿನ ಸಿರಪ್‌ಗೆ, ಮನೆಯ ಹಿರಿಯರ ಶುಗರ್ ಗುಳಿಗೆಗೆ. ಅಪಾಯಿಂಟ್‌ಮೆಂಟ್ ಬೇಡ, ಅರ್ಧ ದಿನ ರಜೆ ಹಾಕಬೇಕಿಲ್ಲ. ಹಾಗಾದರೆ ಅಲ್ಲೇ ಒಂದು ಕುರ್ಚಿ ಹಾಕಿ ಬಿಪಿ ನೋಡಿ, ಬೆರಳಿನಿಂದ ಒಂದು ಹನಿ ರಕ್ತ ತೆಗೆದು, ಹೃದಯಕ್ಕೆ ಎಷ್ಟು ಅಪಾಯ ಇದೆ ಅಂತ ಲೆಕ್ಕ ಹಾಕಿ ಹೇಳಿದರೆ ಹೇಗೆ?

ಹಲವು ದೇಶಗಳು ಈ ದಾರಿ ಹಿಡಿದಿವೆ. ಇಂಗ್ಲೆಂಡಿನಲ್ಲಿ 2021ರ ಅಕ್ಟೋಬರ್‌ನಿಂದ ಔಷಧಿ ಅಂಗಡಿಗಳು ಸರ್ಕಾರಿ ಖರ್ಚಿನಲ್ಲೇ 40 ದಾಟಿದವರ ಬಿಪಿ ನೋಡುತ್ತಿವೆ. ಯೋಚನೆ ಚೆನ್ನಾಗಿದೆ. ನನ್ನ ತಕರಾರು ಇರುವುದು ಇದನ್ನು ಮಾರುವ ರೀತಿಯ ಬಗ್ಗೆ. "ಬೇಗ ಕಂಡುಹಿಡಿದರೆ ಜೀವ ಉಳಿಯುತ್ತದೆ" ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಕಂಡುಹಿಡಿಯುವುದಕ್ಕೂ ಜೀವ ಉಳಿಯುವುದಕ್ಕೂ ನಡುವೆ ಬಹಳ ದೊಡ್ಡ ಕಂದಕ ಇದೆ.

ಅಪಾಯ ಅಂದರೆ ಯಾವ ಅಪಾಯ?

ಅಂಗಡಿಯ ಪರೀಕ್ಷೆ ರಕ್ತನಾಳದೊಳಗಿನ ಬ್ಲಾಕ್ ತೋರಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದು ಕೊಡುವುದು ಒಂದು ಸಾಧ್ಯತೆಯ ಲೆಕ್ಕ. ಎದೆನೋವು, ಉಸಿರಾಟದ ತೊಂದರೆ ಇರುವವರಿಗೆ ಈ ಲೆಕ್ಕ ಅಲ್ಲವೇ ಅಲ್ಲ. ಅವರು ಅಂಗಡಿಯ ಕುರ್ಚಿಯಲ್ಲಿ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.

ಈ ಲೆಕ್ಕದ ಬೇರು ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. 1948ರಲ್ಲಿ ಅಲ್ಲಿನ 5,209 ಜನರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರುವಾಯಿತು. ವರ್ಷಗಟ್ಟಲೆ ಅವರ ಹಿಂದೆ ಬಿದ್ದು ಯಾರಿಗೆ ಹಾರ್ಟ್ ಅಟ್ಯಾಕ್ ಆಯಿತು, ಯಾರಿಗೆ ಆಗಲಿಲ್ಲ, ಮೊದಲು ಅವರ ಬಿಪಿ ಎಷ್ಟಿತ್ತು, ಸಿಗರೇಟು ಸೇದುತ್ತಿದ್ದರಾ ಎಂದೆಲ್ಲ ಬರೆದಿಟ್ಟರು. ವಯಸ್ಸಾದಂತೆ ಬಿಪಿ ಏರುವುದು ಸಹಜ, ಅದನ್ನು ಇಳಿಸಬಾರದು ಎಂದು ನಂಬಿದ್ದ ಡಾಕ್ಟರುಗಳು ಆ ಕಾಲದಲ್ಲಿ ಬೇಕಾದಷ್ಟಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ್ದು ಇಂಥ ಅಧ್ಯಯನಗಳು. ಈಗ ಬ್ರಿಟನ್ನಿಗೆ ಒಂದು ಲೆಕ್ಕ, ಯುರೋಪಿಗೆ ಒಂದು, ಅಮೆರಿಕಕ್ಕೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತನ್ನು 21 ಭಾಗ ಮಾಡಿ, ಒಂದೊಂದಕ್ಕೂ ಪ್ರತ್ಯೇಕ ಬಣ್ಣದ ಪಟ್ಟಿ ಕೊಟ್ಟಿತು. ಅದರಲ್ಲಿ ಎರಡು ಬಗೆ. ಒಂದಕ್ಕೆ ಕೊಲೆಸ್ಟ್ರಾಲ್ ಮತ್ತು ಶುಗರ್ ಮಾಹಿತಿ ಬೇಕು. ಇನ್ನೊಂದಕ್ಕೆ ರಕ್ತವೇ ಬೇಡ: ವಯಸ್ಸು, ಹೆಣ್ಣೋ ಗಂಡೋ, ಧೂಮಪಾನ, ಬಿಪಿ, ಎತ್ತರಕ್ಕೆ ತಕ್ಕ ತೂಕ, ಇಷ್ಟು ಸಾಕು. ಲ್ಯಾಬ್ ಇಲ್ಲದ ಅಂಗಡಿಗೆ ಈ ಎರಡನೆಯದು ಹೇಳಿ ಮಾಡಿಸಿದಂತಿದೆ.

ಬರುವ ಉತ್ತರ ಹೀಗಿರುತ್ತದೆ: ನಿಮ್ಮ 10 ವರ್ಷದ ಅಪಾಯ ಶೇ 10. ಅಂದರೆ ನಿಮ್ಮಂಥದ್ದೇ ವಯಸ್ಸು, ಬಿಪಿ, ಅಭ್ಯಾಸ ಇರುವ 100 ಜನರಲ್ಲಿ ಮುಂದಿನ 10 ವರ್ಷದೊಳಗೆ ಸುಮಾರು 10 ಮಂದಿಗೆ ಹೃದಯಾಘಾತವೋ ಲಕ್ವವೋ ಆಗಬಹುದು. ಆ ಹತ್ತರಲ್ಲಿ ನೀವಿದ್ದೀರಾ? ಅದನ್ನು ಯಾರೂ ಹೇಳಲಾರರು. ಕೆಟ್ಟ ಕೊಲೆಸ್ಟ್ರಾಲ್ ಅಂತ ಕರೆಯುವ ಎಲ್‌ಡಿಎಲ್ ಅನ್ನು ಸ್ಟ್ಯಾಟಿನ್ ಮಾತ್ರೆಯಿಂದ ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 39 ಮಿಲಿಗ್ರಾಂನಷ್ಟು ಇಳಿಸಿದರೆ ಇಂಥ ಘಟನೆಗಳು ಐದರಲ್ಲಿ ಒಂದು ಭಾಗ ಕಡಿಮೆಯಾಗುತ್ತವೆ ಎನ್ನುವುದು ದೊಡ್ಡ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲೆಕ್ಕ. ಅಂದರೆ ಆ 10 ಎಂಟಾಗುತ್ತದೆ. ನೂರು ಜನ ಮಾತ್ರೆ ನುಂಗಿದರೆ ಇಬ್ಬರಿಗೆ ಲಾಭ. ಬಿಪಿಯ ಮೇಲಿನ ಸಂಖ್ಯೆಯನ್ನು 5ರಷ್ಟು ಇಳಿಸಿದರೆ ಸುಮಾರು ಹತ್ತರಲ್ಲಿ ಒಂದು ಭಾಗ ಕಡಿಮೆ. ಇದು ಚಿಕ್ಕದಾ ದೊಡ್ಡದಾ? ಒಬ್ಬ ಮನುಷ್ಯನಿಗೆ ಚಿಕ್ಕದು, ಕೋಟಿಗಟ್ಟಲೆ ಜನಕ್ಕೆ ಬಹಳ ದೊಡ್ಡದು. ಕೌಂಟರಿನ ಈ ಕಡೆ ಕೂತವರಿಗೆ ಈ ಎರಡೂ ಮಾತು ಹೇಳಬೇಕು. ಹೆದರಿಸಿ ಮಾತ್ರೆ ನುಂಗಿಸುವುದು ಬೇಡ.

ಇನ್ನೊಂದು ತೊಡಕಿದೆ. ಈ ಲೆಕ್ಕದಲ್ಲಿ ವಯಸ್ಸಿನದ್ದೇ ದರ್ಬಾರು. ದಿನಕ್ಕೊಂದು ಪ್ಯಾಕ್ ಸೇದುವ, ಬಿಪಿ ಏರಿರುವ 38 ವರ್ಷದವರಿಗೂ ಅಪಾಯ ಕಡಿಮೆ ಎಂದೇ ಬರಬಹುದು. ಏಕೆಂದರೆ ಲೆಕ್ಕ ನೋಡುವುದು ಮುಂದಿನ 10 ವರ್ಷವನ್ನು ಮಾತ್ರ. ಅವರಿಗೆ ಹಸಿರು ಬಣ್ಣ ತೋರಿಸಿ ಕಳಿಸಿದರೆ, ಸಿಗರೇಟು ಬಿಡಲು ಇದ್ದ ಒಂದು ನೆಪವೂ ಹೋಯಿತು! ಅಂಥವರಿಗೆ ಶೇಕಡಾವಾರು ಅಪಾಯ ಹೇಳುವುದಕ್ಕಿಂತ "ನಿಮ್ಮ ಹೃದಯದ ವಯಸ್ಸು ಇಷ್ಟು" (ಅಂದರೆ ಇಷ್ಟೇ ಅಪಾಯ ಇರುವ ಆರೋಗ್ಯವಂತರ ವಯಸ್ಸು) ಎಂದು ಹೇಳುವುದೇ ಹೆಚ್ಚು ಅರ್ಥವಾಗುತ್ತದೆ.

ಕುರ್ಚಿ, ಪಟ್ಟಿ ಮತ್ತು ಮಾತು

ಬಿಪಿ ನೋಡುವುದು ಸುಲಭ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬಟನ್ ಒತ್ತಿದರೆ ಯಂತ್ರ ನಂಬರ್ ಕೊಡುತ್ತದೆ. ತಪ್ಪು ನಂಬರನ್ನೂ ಅಷ್ಟೇ ಸಲೀಸಾಗಿ ಕೊಡುತ್ತದೆ.

ತೋಳಿಗೆ ಸುತ್ತುವ ಪಟ್ಟಿಯನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಅತಿ ದೊಡ್ಡ ಅಳತೆಯ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಸಂಖ್ಯೆ ಸರಾಸರಿ 19.5ರಷ್ಟು ಜಾಸ್ತಿ ತೋರಿಸಿತು. ಅಂದರೆ 125 ಇರುವವರಿಗೆ 144 ಅಂತ ಬರಬಹುದು. ಇಲ್ಲದ ಬಿಪಿಗೆ ಜೀವನವಿಡೀ ಮಾತ್ರೆ. ತೋಳು ಸಣ್ಣ ಇರುವವರಲ್ಲಿ ಇದು ತಿರುಗುಮುರುಗು, ಇರುವ ಬಿಪಿ ಕಡಿಮೆ ತೋರಿಸಿತು. ಮರುವರ್ಷ ಬಂದ ಇನ್ನೊಂದು ಪ್ರಯೋಗದಲ್ಲಿ ಕೈಯನ್ನು ಮೇಜಿನ ಮೇಲೆ ಇಡದೆ ತೊಡೆಯ ಮೇಲೆ ಇಟ್ಟುಕೊಂಡರೆ ಸುಮಾರು 4, ಪಕ್ಕಕ್ಕೆ ಜೋತುಬಿಟ್ಟರೆ 6.5ರಷ್ಟು ಏರಿತು. ಇದರ ಮೇಲೆ ಓಡಿಬಂದ ದಣಿವು, ಈಗಷ್ಟೇ ಸೇದಿದ ಸಿಗರೇಟು, ತಡೆದುಕೊಂಡ ಮೂತ್ರ, ಕಾಲ ಮೇಲೆ ಕಾಲು. ಜೊತೆಗೆ ಮಾತು ಬೇರೆ. ಯಂತ್ರ ಗಾಳಿ ತುಂಬುತ್ತಿರುವಾಗಲೇ ಅಂಗಡಿಯವರು "ಮನೆ ಕಡೆ ಎಲ್ಲ ಆರಾಮಾ?" ಅಂತ ಕೇಳುತ್ತಾರೆ, ನಾವು ಉತ್ತರ ಕೊಡುತ್ತೇವೆ. ಪ್ರೀತಿಯ ಮಾತೇ, ಆದರೆ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದು.

ನಿಯಮ ದೊಡ್ಡದೇನಲ್ಲ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ 5 ನಿಮಿಷ ಸುಮ್ನೆ ಕೂರಬೇಕು, ಪಾದ ನೆಲಕ್ಕೆ ಊರಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು, ಒಂದಕ್ಕಿಂತ ಹೆಚ್ಚು ಸಲ ನೋಡಬೇಕು. ಗಿಜಿಗುಡುವ ಅಂಗಡಿಯಲ್ಲಿ ಈ 5 ನಿಮಿಷವೇ ಅಪರೂಪದ ವಸ್ತು. ಹಿಂದೆ ನಾಲ್ಕು ಜನ ಚೀಟಿ ಹಿಡಿದು ನಿಂತಿರುತ್ತಾರೆ. ಹಾಗಾಗಿ ಪ್ರತ್ಯೇಕ ಕೋಣೆ, ಅದಕ್ಕೆಂದೇ ತರಬೇತಾದ ಒಬ್ಬರು, ಮೂರು ನಾಲ್ಕು ಅಳತೆಯ ಪಟ್ಟಿ, ಇವು ಅಲಂಕಾರಕ್ಕಲ್ಲ.

ಇಂಗ್ಲೆಂಡಿನವರು ಇಲ್ಲಿ ಒಂದು ಜಾಣತನದ ಕೆಲಸ ಮಾಡಿದ್ದಾರೆ. ಅಂಗಡಿಯಲ್ಲಿ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದನ್ನೇ ರೋಗ ಎಂದು ಬರೆಯುವುದಿಲ್ಲ. ಒಂದು ಹಗಲು ಒಂದು ರಾತ್ರಿ ಮೈಮೇಲೆ ಕಟ್ಟಿಕೊಂಡು ಓಡಾಡುವ ಯಂತ್ರವನ್ನು ಅದೇ ಅಂಗಡಿಯವರು ಕೊಟ್ಟು ಕಳಿಸುತ್ತಾರೆ. ಹಗಲಿನ ಸರಾಸರಿ 135/85 ದಾಟಿದರೆ ಆಗ ಡಾಕ್ಟರಿಗೆ ವರದಿ. 180/120ರ ಮಟ್ಟದಲ್ಲಿದ್ದರೆ ಕಾಯುವ ಮಾತಿಲ್ಲ, ಅದೇ ದಿನ ಡಾಕ್ಟರು ನೋಡಬೇಕು. ಬಿಳಿ ಕೋಟು ನೋಡಿದಾಕ್ಷಣ ಬಿಪಿ ಏರುವವರು, ಮನೆಯಲ್ಲಿ ಮಾಮೂಲಾಗಿ ಇರುವವರು ಬೇಕಾದಷ್ಟು ಮಂದಿ ಇದ್ದಾರೆ. 24 ಗಂಟೆಯ ಈ ಯಂತ್ರ ಅವರನ್ನು ಸೋಸಿ ತೆಗೆಯುತ್ತದೆ.

ರಕ್ತಪರೀಕ್ಷೆಯ ಕಥೆ ಇಷ್ಟು ಗೋಜಲಿಲ್ಲ. ಬೆರಳಿನ ಹನಿಯಿಂದ ಕೊಲೆಸ್ಟ್ರಾಲ್ ಮತ್ತು ಹಿಂದಿನ ಎರಡು ಮೂರು ತಿಂಗಳ ಶುಗರಿನ ಸರಾಸರಿ ಎರಡೂ ನಿಮಿಷಗಳಲ್ಲಿ ಸಿಗುತ್ತವೆ. ಮೊದಲ ಸುತ್ತಿನ ಕೊಲೆಸ್ಟ್ರಾಲ್ ಪರೀಕ್ಷೆಗೆ ಉಪವಾಸ ಬೇಕಿಲ್ಲ ಎಂದು ಯುರೋಪಿನ ತಜ್ಞರು 2016ರಲ್ಲೇ ಹೇಳಿದ್ದಾರೆ. ಯಂತ್ರವನ್ನು ಆಗಾಗ ಪರೀಕ್ಷಿಸಿ ಸರಿಮಾಡಿಟ್ಟುಕೊಂಡರೆ ಆಯಿತು.

ಡೆನ್ಮಾರ್ಕಿನ ತಣ್ಣೀರು

ಸರಿ, ನಂಬರ್ ಸರಿಯಾಗಿಯೇ ಸಿಕ್ಕಿತು ಅಂದುಕೊಳ್ಳೋಣ. ಜೀವ ಉಳಿಯುತ್ತದಾ?

ಡೆನ್ಮಾರ್ಕಿನಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು. 30ರಿಂದ 60 ವರ್ಷದ ಸುಮಾರು 60 ಸಾವಿರ ಜನರಲ್ಲಿ 11,629 ಮಂದಿಯನ್ನು ಆರಿಸಿ ತಪಾಸಣೆಗೆ ಕರೆದರು. ಅಪಾಯ ಜಾಸ್ತಿ ಇದ್ದವರಿಗೆ ಐದು ವರ್ಷಗಳ ಕಾಲ ಮತ್ತೆ ಮತ್ತೆ ಕರೆದು ಊಟ, ನಡಿಗೆ, ಧೂಮಪಾನದ ಬಗ್ಗೆ ಸಲಹೆ ಕೊಟ್ಟರು. ಬೇಕಾದವರನ್ನು ಡಾಕ್ಟರ ಹತ್ತಿರ ಕಳಿಸಿದರು. ಉಳಿದವರನ್ನು ಅವರ ಪಾಡಿಗೆ ಬಿಟ್ಟರು. 10 ವರ್ಷ ಕಳೆದ ಮೇಲೆ ನೋಡಿದರೆ ಹೃದ್ರೋಗ, ಲಕ್ವ, ಸಾವು ಯಾವುದರಲ್ಲೂ ಎರಡು ಗುಂಪಿಗೆ ವ್ಯತ್ಯಾಸ ಇರಲಿಲ್ಲ. ಫಲಿತಾಂಶ 2014ರಲ್ಲಿ ಅಚ್ಚಾಯಿತು. ಇಂಥ ಸಾಮಾನ್ಯ ಆರೋಗ್ಯ ತಪಾಸಣೆಗಳ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ, ಎರಡೂವರೆ ಲಕ್ಷ ಜನರ ಮಾಹಿತಿ ನೋಡಿದ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯೂ ಸಾವಿನ ಪ್ರಮಾಣ ತಗ್ಗಿದ ಕುರುಹು ಕಾಣಲಿಲ್ಲ ಎಂದಿತು.

ತಪಾಸಣೆಯ ಪರವಾಗಿರುವವರು ಈ ಭಾಗವನ್ನು ಬೇಗ ದಾಟಿ ಮುಂದೆ ಹೋಗುತ್ತಾರೆ. ಅದು ಸರಿಯಲ್ಲ. ಇಲ್ಲಿ ನಿಂತು, ಯಾಕೆ ಹೀಗಾಯಿತು ಅಂತ ಕೇಳಬೇಕು.

ಒಂದು ಕಾರಣ, ಕರೆದಾಗ ಬರುವವರು ಯಾರು ಅನ್ನುವುದು. ಡೆನ್ಮಾರ್ಕಿನಲ್ಲಿ ಕರೆಸಿಕೊಂಡವರಲ್ಲಿ ಬಂದವರು ಅರ್ಧದಷ್ಟು. ಸಾಮಾನ್ಯವಾಗಿ ಬರುವವರು ಮೊದಲೇ ಆರೋಗ್ಯದ ಕಾಳಜಿ ಇರುವವರು. ಅಪಾಯ ಹೆಚ್ಚಿರುವವರು ಮನೆಯಲ್ಲೇ ಉಳಿಯುತ್ತಾರೆ. ಬ್ರಿಟನ್ನಿನ ಡಾಕ್ಟರ್ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು, ಯಾರಿಗೆ ಹೆಚ್ಚು ಬೇಕೋ ಅವರಿಗೇ ಒಳ್ಳೆಯ ವೈದ್ಯಕೀಯ ಸೇವೆ ಕಡಿಮೆ ಸಿಗುತ್ತದೆ ಎಂದು. ಔಷಧಿ ಅಂಗಡಿಗೆ ಇಲ್ಲಿ ನಿಜವಾದ ಮೇಲುಗೈ ಇದೆ. 2014ರಲ್ಲಿ ಬಂದ ಒಂದು ಅಧ್ಯಯನದಂತೆ ಇಂಗ್ಲೆಂಡಿನ ಶೇ 89ರಷ್ಟು ಜನರಿಗೆ 20 ನಿಮಿಷದ ನಡಿಗೆಯಲ್ಲೇ ಒಂದು ಔಷಧಿ ಅಂಗಡಿ ಸಿಗುತ್ತದೆ. ಅತಿ ಬಡ ಪ್ರದೇಶಗಳಲ್ಲಿ ಆ ಪ್ರಮಾಣ ಹತ್ತಿರ ಹತ್ತಿರ ನೂರು. ಬಡವರಿಗೆ ಹೆಚ್ಚು ಹತ್ತಿರವಿರುವ ಆರೋಗ್ಯ ಸೇವೆ ಅಂತ ಹೇಳಿಕೊಳ್ಳಲು ಸಿಗುವುದು ಇಂಥ ಒಂದೆರಡು ಮಾತ್ರ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ. ಅಳೆದವರ ಕೈಯಲ್ಲಿ ಸಲಹೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕ್ಷೌರದಂಗಡಿ ಕಲಿಸಿದ್ದು

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಧೈರ್ಯ ಬರುವುದು ಲಾಸ್ ಏಂಜಲೀಸಿನಲ್ಲಿ ನಡೆದ ಒಂದು ಪ್ರಯೋಗದಿಂದ. ಫಲಿತಾಂಶ ಬಂದಿದ್ದು 2018ರಲ್ಲಿ. ನಡೆದಿದ್ದು ಔಷಧಿ ಅಂಗಡಿಯಲ್ಲಿ ಅಲ್ಲ, 52 ಕ್ಷೌರದಂಗಡಿಗಳಲ್ಲಿ. ಬಿಪಿಯ ಮೇಲಿನ ಸಂಖ್ಯೆ 140 ಅಥವಾ ಅದಕ್ಕೂ ಜಾಸ್ತಿ ಇದ್ದ 319 ಕಪ್ಪು ಜನಾಂಗದ ಗಂಡಸರು ಅದರಲ್ಲಿದ್ದರು. ಅಮೆರಿಕದಲ್ಲಿ ಬಿಪಿಯಿಂದ ತುಂಬಾ ಪೆಟ್ಟು ತಿನ್ನುವ, ಡಾಕ್ಟರ ಹತ್ತಿರ ಕಡಿಮೆ ಹೋಗುವ ಗುಂಪು ಇದು.

ಅರ್ಧ ಅಂಗಡಿಗಳಲ್ಲಿ ಕ್ಷೌರಿಕರೇ ತಮ್ಮ ಗಿರಾಕಿಗಳಿಗೆ ಬುದ್ಧಿ ಹೇಳಿದರು: ಜೀವನಕ್ರಮ ಬದಲಿಸಿ, ಡಾಕ್ಟರಿಗೆ ತೋರಿಸಿ. ಉಳಿದ ಅಂಗಡಿಗಳಿಗೆ ಫಾರ್ಮಸಿಸ್ಟ್ ಬಂದರು. ಡಾಕ್ಟರುಗಳ ಜೊತೆ ಮೊದಲೇ ಮಾಡಿಕೊಂಡ ಒಪ್ಪಂದದಂತೆ ಅಲ್ಲೇ ಮಾತ್ರೆ ಬರೆದುಕೊಟ್ಟರು, ರಕ್ತ ನೋಡಿದರು, ಡೋಸ್ ಹೆಚ್ಚು ಕಡಿಮೆ ಮಾಡಿದರು, ಪ್ರತಿ ಭೇಟಿಯ ಟಿಪ್ಪಣಿಯನ್ನು ಡಾಕ್ಟರಿಗೆ ಕಳಿಸಿದರು. ಆರು ತಿಂಗಳಲ್ಲಿ ಬುದ್ಧಿಮಾತಿನ ಗುಂಪಿನಲ್ಲಿ ಬಿಪಿ ಸರಾಸರಿ 9.3 ಇಳಿದಿತ್ತು. ಫಾರ್ಮಸಿಸ್ಟ್ ಬಂದ ಗುಂಪಿನಲ್ಲಿ 27. 130/80ಕ್ಕಿಂತ ಕೆಳಗೆ ಬಂದವರು ಮೊದಲ ಗುಂಪಿನಲ್ಲಿ ಶೇ 12ರಷ್ಟು, ಎರಡನೆಯದರಲ್ಲಿ ಶೇ 64ರಷ್ಟು.

ಎರಡೂ ಗುಂಪಿನಲ್ಲಿ ಬಿಪಿ ಅಳೆದಿದ್ದರು. ಎರಡರಲ್ಲೂ ಅವರಿಗೆ ವಿಷಯ ಗೊತ್ತಿತ್ತು. ಎರಡರಲ್ಲೂ ನಂಬಿಕೆಯ ಮನುಷ್ಯನೊಬ್ಬ ಪ್ರೀತಿಯಿಂದ ಹೇಳಿದ್ದ. ವ್ಯತ್ಯಾಸ ಮಾಡಿದ್ದು ಅಳೆದ ಜಾಗದಲ್ಲೇ ಚಿಕಿತ್ಸೆ ಶುರುವಾದದ್ದು, ಮತ್ತು ಅದೇ ಮನುಷ್ಯ ಮತ್ತೆ ಮತ್ತೆ ಬಂದದ್ದು.

ಕೆನಡಾದ ಆಲ್ಬರ್ಟಾ ಪ್ರಾಂತ್ಯ ಇದೇ ಪಾಠವನ್ನು ಔಷಧಿ ಅಂಗಡಿಯಲ್ಲೇ ತೋರಿಸಿತು. ಅಲ್ಲಿ ಹೆಚ್ಚಿನ ಅರ್ಹತೆ ಪಡೆದ ಫಾರ್ಮಸಿಸ್ಟರಿಗೆ 2007ರಿಂದ ಔಷಧಿ ಬರೆಯುವ ಅಧಿಕಾರವಿದೆ. 56 ಅಂಗಡಿಗಳಲ್ಲಿ ಹೆಚ್ಚಿನ ಅಪಾಯವಿದ್ದ 723 ಜನರ ಮೇಲೆ ನಡೆದ ಪ್ರಯೋಗದಲ್ಲಿ ಮೂರೇ ತಿಂಗಳಲ್ಲಿ ಅವರ ಲೆಕ್ಕದ ಅಪಾಯ ಮಾಮೂಲಿ ಆರೈಕೆಯವರಿಗಿಂತ ಶೇ 21ರಷ್ಟು ತಗ್ಗಿತು. ಇಲ್ಲಿ ಒಂದು ಎಚ್ಚರಿಕೆ: ತಗ್ಗಿದ್ದು ಲೆಕ್ಕದ ಅಪಾಯ. ನಿಜವಾಗಿ ಎಷ್ಟು ಹೃದಯಾಘಾತ ತಪ್ಪಿತು ಎಂದು ಮೂರು ತಿಂಗಳಲ್ಲಿ ನೋಡಲಾಗುವುದಿಲ್ಲ.

ನಿಜವಾದ ಘಟನೆಗಳನ್ನು ಎಣಿಸಿದ ಪ್ರಯೋಗವೂ ಒಂದಿದೆ, ಅದೂ ಕೆನಡಾದ್ದೇ. ಒಂಟಾರಿಯೋದ 39 ಮಧ್ಯಮ ಗಾತ್ರದ ಊರುಗಳನ್ನು ತೆಗೆದುಕೊಂಡು, 20 ಊರುಗಳಲ್ಲಿ 10 ವಾರ ಕಾಲ ಔಷಧಿ ಅಂಗಡಿಗಳಲ್ಲಿ ಸ್ವಯಂಸೇವಕರು 65 ದಾಟಿದವರ ಬಿಪಿ ನೋಡಿದರು. ಫಲಿತಾಂಶ ಅವರವರ ಡಾಕ್ಟರಿಗೂ ಫಾರ್ಮಸಿಸ್ಟಿಗೂ ಹೋಯಿತು. ಮುಂದಿನ ವರ್ಷ ಉಳಿದ ಊರುಗಳಿಗೆ ಹೋಲಿಸಿದರೆ ಆ ಊರುಗಳಲ್ಲಿ ಹೃದಯಾಘಾತ, ಲಕ್ವ, ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದು ಶೇ 9ರಷ್ಟು ಕಡಿಮೆಯಾಯಿತು. ಪ್ರತಿ ಸಾವಿರ ಹಿರಿಯರಿಗೆ ವರ್ಷಕ್ಕೆ ಸುಮಾರು ಮೂರು ದಾಖಲಾತಿ ಕಡಿಮೆ. 2011ರಲ್ಲಿ ಪ್ರಕಟವಾದ ಈ ಪ್ರಯೋಗ ನನ್ನ ವಾದಕ್ಕೆ ಸ್ವಲ್ಪ ಅಡ್ಡ ಬರುತ್ತದೆ, ಏಕೆಂದರೆ ಇಲ್ಲಿ ಯಾರೂ ಅಂಗಡಿಯಲ್ಲಿ ಮಾತ್ರೆ ಬರೆಯಲಿಲ್ಲ. ಆದರೆ ಎರಡು ವಿಷಯ ಗಮನಿಸಿ. ಕರೆದದ್ದು 30ರ ಹರೆಯದವರನ್ನಲ್ಲ, ಅಪಾಯ ನಿಜವಾಗಿಯೂ ಹೆಚ್ಚಿರುವ ಹಿರಿಯರನ್ನು. ವರದಿ ರೋಗಿಯ ಜೇಬಿನಲ್ಲಿ ಉಳಿಯದೆ ಡಾಕ್ಟರ ಕೈಗೆ ತಲುಪಿತು.

ಕೌಂಟರಿನ ಆ ಕಡೆ

ಔಷಧಿ ಅಂಗಡಿಯ ದೊಡ್ಡ ಬಲ ಬಿಪಿ ಯಂತ್ರ ಅಲ್ಲ, ತಿಂಗಳಿಗೊಮ್ಮೆ ಮಾತ್ರೆಗೆ ಬರುವ ಗಿರಾಕಿ. ದೀರ್ಘಕಾಲದ ಕಾಯಿಲೆಗೆ ಬರೆದ ಔಷಧಿಯನ್ನು ಶ್ರೀಮಂತ ದೇಶಗಳಲ್ಲೂ ಅರ್ಧದಷ್ಟು ಜನ ಮಾತ್ರ ಸರಿಯಾಗಿ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಈ ತಿಂಗಳು ಸ್ಟ್ಯಾಟಿನ್ ಒಯ್ಯಲು ಬಂದಿಲ್ಲ ಅನ್ನುವುದು ಡಾಕ್ಟರಿಗೆ ಗೊತ್ತಾಗುವುದು ಆರು ತಿಂಗಳ ಮೇಲೆ, ಕೆಲವೊಮ್ಮೆ ಆಸ್ಪತ್ರೆಯಲ್ಲಿ. ಅಂಗಡಿಯವರಿಗೆ ಅದೇ ವಾರ ಗೊತ್ತಾಗುತ್ತದೆ. "ಯಾಕೆ ಬಿಟ್ಟಿರಿ, ಕೈಕಾಲು ನೋವಾ, ದುಡ್ಡಿನ ತೊಂದರೆನಾ?" ಎಂದು ಕೇಳಲು ಅವರಷ್ಟು ಸರಿಯಾದ ಜಾಗದಲ್ಲಿ ಬೇರೆ ಯಾರೂ ಕೂತಿಲ್ಲ. ಹೊಸ ರೋಗಿಗಳನ್ನು ಹುಡುಕುವುದಕ್ಕಿಂತ, ಗೊತ್ತಿದ್ದೂ ಹತೋಟಿಗೆ ಬಾರದವರನ್ನು ಹಿಡಿಯುವುದು ಬೇಗ ಫಲ ಕೊಡುವ ಕೆಲಸ ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಉದ್ಘಾಟನೆ, ಬ್ಯಾನರ್ ಇರುವುದಿಲ್ಲ, ಅಷ್ಟೇ.

ಆದರೆ ಅಂಗಡಿ ಅಂಗಡಿಯೇ ಅಲ್ವಾ? ಪರೀಕ್ಷೆ ಮಾಡುವವರೇ ಮಾರುವವರೂ ಆಗಿರುತ್ತಾರೆ. ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಅಂತ ಹೇಳಿದ ಕೈಯೇ ಪಕ್ಕದ ಕಪಾಟಿನಿಂದ ಮೀನೆಣ್ಣೆ ಡಬ್ಬಿ ತೆಗೆದುಕೊಟ್ಟರೆ ಆ ಮಾತಿನ ತೂಕ ಉಳಿಯುವುದಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮಾರಾಟ ಇರಬಾರದು ಎನ್ನುವುದನ್ನು ನಿಯಮವನ್ನಾಗಿಯೇ ಮಾಡಬೇಕು. ಅಂಗಡಿಯವರ ಒಳ್ಳೆಯತನಕ್ಕೆ ಬಿಡುವ ವಿಷಯ ಅಲ್ಲ ಇದು. ಗುಟ್ಟಿನ ಪ್ರಶ್ನೆಯೂ ಇದೆ. ಹಿಂದೆ ನೆರೆಮನೆಯವರು ನಿಂತಿರುವಾಗ ಯಾರೂ ತಾನು ಎಷ್ಟು ಕುಡಿಯುತ್ತೇನೆ, ಎಷ್ಟು ಸೇದುತ್ತೇನೆ ಎಂದು ನಿಜ ಹೇಳುವುದಿಲ್ಲ. ಸುಳ್ಳು ಉತ್ತರ ಹಾಕಿದರೆ ಲೆಕ್ಕವೂ ಸುಳ್ಳು.

ಡಾಕ್ಟರುಗಳ ಗೊಣಗಾಟದಲ್ಲೂ ಸತ್ಯ ಇಲ್ಲದಿಲ್ಲ. ಅರೆಬರೆ ಅಳತೆ ಮಾಡಿ, ಗಾಬರಿ ಹುಟ್ಟಿಸಿ, ಸಾಲುಗಟ್ಟಿಸಿ ತಮ್ಮ ಬಾಗಿಲಿಗೆ ಕಳಿಸುತ್ತಾರೆ ಎನ್ನುವುದು ಅವರ ದೂರು. ಡಾಕ್ಟರುಗಳೇ ಕಡಿಮೆ ಇರುವ ಕಡೆ ಈ ಸಾಲು ಕಾಯಿಲೆ ಇರುವವರನ್ನೇ ಹಿಂದಕ್ಕೆ ತಳ್ಳಬಹುದು. ಫಾರ್ಮಸಿಸ್ಟರಿಗೆ ಬರೆಯುವ ಅಧಿಕಾರ ಕೊಡಿ ಅಂದರೆ ಇದೇ ಡಾಕ್ಟರ ಸಂಘಗಳಲ್ಲಿ ಹಲವು ಅದಕ್ಕೂ ಅಡ್ಡ ನಿಲ್ಲುತ್ತವೆ. ಎರಡನ್ನೂ ಒಟ್ಟಿಗೆ ಹೇಳಿದರೆ ಹೇಗೆ?

ಇನ್ನು ದುಡ್ಡು. ಎಷ್ಟು ಜನರನ್ನು ಅಳೆದಿರಿ ಎಂದು ಎಣಿಸಿ ಅಂಗಡಿಗೆ ದುಡ್ಡು ಕೊಟ್ಟರೆ, ಅಂಗಡಿ ಸುಲಭಕ್ಕೆ ಸಿಗುವವರನ್ನೇ ಅಳೆಯುತ್ತದೆ: ಆರೋಗ್ಯವಂತರು, ಪುರುಸೊತ್ತು ಇರುವವರು, ಹೋದ ವರ್ಷವೂ ಬಂದಿದ್ದವರು. ಇಂಗ್ಲೆಂಡಿನಲ್ಲಿ ಮೊದಲ ಅಳತೆಗಿಂತ 24 ಗಂಟೆಯ ಯಂತ್ರಕ್ಕೆ ಜಾಸ್ತಿ ಶುಲ್ಕ ಇಟ್ಟಿರುವುದು ಇದಕ್ಕೆ ಒಂದಿಷ್ಟು ಮದ್ದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 150/95 ಬಂದವರಲ್ಲಿ ಒಂದು ವರ್ಷದ ನಂತರ ಎಷ್ಟು ಮಂದಿ 140ರ ಕೆಳಗಿದ್ದಾರೆ ಎಂದು ನೋಡಿ ಶುಲ್ಕದ ಒಂದು ಪಾಲು ಕೊಡಬಹುದು. ಆಗ ಡಾಕ್ಟರ ಹತ್ತಿರವೂ ಹೋಗದ, ಅಂಗಡಿಗೂ ಮರಳದ ಮನುಷ್ಯನಿಗೆ ಫೋನ್ ಮಾಡಲು ಅಂಗಡಿಗೆ ಒಂದು ಕಾರಣ ಇರುತ್ತದೆ. ಈಗಿನ ಬಹುತೇಕ ವ್ಯವಸ್ಥೆಗಳಲ್ಲಿ ಆ ಫೋನ್ ಮಾಡುವುದು ಅಂಗಡಿಯವರ ಕೆಲಸ ಎಂದು ಡಾಕ್ಟರೂ, ಡಾಕ್ಟರ ಕೆಲಸ ಎಂದು ಅಂಗಡಿಯವರೂ ಅಂದುಕೊಂಡಿರುತ್ತಾರೆ.